ಹಿಂದಿನ ಸೀಟಿನ ಅಕ್ಕಿ ಜಾಡಿ

ಮೊಕ್ ಕ್ವಾಯ್-ಸಾಂಗ್ ನಲವತ್ತೊಂದು ವರ್ಷ ಹಾಂಗ್ ಕಾಂಗಿನಲ್ಲಿ ಬಿದಿರು ಕಟ್ಟಿದ. ಅಲ್ಲಿ ಯಾವ ಕಟ್ಟಡ ಏಳಬೇಕಾದರೂ ಮೊದಲು ಅದರ ಸುತ್ತ ಬಿದಿರಿನ ಸಾರುವೆ ಏಳಬೇಕು. ಗಾರೆಯವರು, ಬಣ್ಣದವರು, ಕಿಟಕಿ ಕೂರಿಸುವವರು ಎಲ್ಲ ಅದರ ಮೇಲೆ ನಿಂತೇ ಅನ್ನ ದುಡಿಯಬೇಕು. ಕಟ್ಟಡ ಮುಗಿದ ದಿನ ಕ್ವಾಯ್-ಸಾಂಗ್ ಚಾಕು ಹಿಡಿದು ಬರುತ್ತಿದ್ದ, ಗಳ ಬಿಗಿದ ನೈಲಾನ್ ಪಟ್ಟಿಗಳನ್ನು ಕೊಯ್ದು ಗಳಗಳನ್ನು ಒಂದೊಂದೇ ಇಳಿಸಿ ಲಾರಿಗೆ ಹೇರಿಕೊಂಡು ಹೋಗುತ್ತಿದ್ದ. ಸಾರುವೆಗೆ ಗಂಟು ಹಾಕುವುದಿಲ್ಲ. ಪಟ್ಟಿಯನ್ನು ಐದಾರು ಸುತ್ತು ಬಿಗಿದು, ಹುರಿಮಾಡಿ, ತುದಿಯನ್ನು ಒಳಗೆ ಸಿಕ್ಕಿಸುವುದು, ಅಷ್ಟೇ. ಆನೆ ತೂಗಿದರೂ ಜಾರದು, ಚಾಕು ತಾಗಿಸಿದರೆ ಗಳಿಗೆಯಲ್ಲಿ ಬಿಚ್ಚಿಕೊಳ್ಳುತ್ತದೆ. ದೇವರ ಹುಟ್ಟುಹಬ್ಬಕ್ಕೆ ಸಾವಿರ ಜನ ಕೂರುವ ಬಿದಿರಿನ ನಾಟಕ ಮಂದಿರಗಳನ್ನೂ ಅವನು ಎಬ್ಬಿಸಿದ್ದ. ಅವೂ ಹದಿನೈದು ದಿನದ ಬಾಳು. ಒಳ್ಳೆಯ ಸಾರುವೆಯವನು ಬಂದು ಹೋದ ಗುರುತು ಗೋಡೆಯ ಮೇಲೆ ಒಂದು ಗೀರಿನಷ್ಟೂ ಇರಬಾರದು ಎಂದು ಗುರು ಹೇಳಿಕೊಟ್ಟಿದ್ದ. ಆ ಮಾತನ್ನು ಕ್ವಾಯ್-ಸಾಂಗ್ ಹೆಂಡತಿಯ ಮಾತಿಗಿಂತ ಹೆಚ್ಚು ಪಾಲಿಸಿದ.

ಹೆಂಡತಿ ಲಾಯ್-ಹಾ ಶಾಮ್ ಶುಯಿ ಪೋದ ಬೀದಿ ಮಾರುಕಟ್ಟೆಯಲ್ಲಿ ಮೀನು ಮಾರಿದವಳು. ಗಂಟಲು ಕಂಚಿನ ಜಾಗಟೆ. ಮಕ್ಕಳಾಗಲಿಲ್ಲ. ಎರಡು ಸಾವಿರದ ಇಪ್ಪತ್ತೊಂದರ ಹೊತ್ತಿಗೆ ಅವರ ಮಹಡಿಯ ಎಂಟು ಬಾಗಿಲುಗಳಲ್ಲಿ ಐದಕ್ಕೆ ಬೀಗ ಬಿದ್ದಿತ್ತು. ಹೊಸ ಭದ್ರತಾ ಕಾನೂನು ಬಂದ ಮೇಲೆ ಯಾರು ಎಲ್ಲಿಗೆ ಹೋದರು ಎಂದು ಜೋರಾಗಿ ಕೇಳುವ ಕಾಲವೂ ಹೋಗಿತ್ತು. ಗಂಡ ಹೆಂಡತಿ ಇದ್ದ ಪುಟ್ಟ ಮನೆಯನ್ನು ಮಾರಿದರು. ಬ್ರಿಟನ್ನಿನವರು ಹಾಂಗ್ ಕಾಂಗಿನ ನಮ್ಮವರಿಗೆ ಕೊಡುತ್ತಿದ್ದ ವೀಸಾ ಹಾಕಿಸಿಕೊಂಡು ಅರವತ್ತಾರರ ಅವನೂ ಅರವತ್ತಮೂರರ ಅವಳೂ ಇಂಗ್ಲೆಂಡಿಗೆ ಬಂದಿಳಿದರು. "ಮೊದಲು ದೇಶ ಸುತ್ತಿ ನೋಡೋಣ. ಒಗ್ಗಿದರೆ ಇಲ್ಲಿ, ಇಲ್ಲದಿದ್ದರೆ ತೈವಾನ್," ಎಂದ ಕ್ವಾಯ್-ಸಾಂಗ್. ತೈವಾನಿನ ತೈಚುಂಗಿನಲ್ಲಿ ಅವನ ಜೊತೆ ಕಲಿತ ಗುರುಬಂಧು ಒಬ್ಬನಿದ್ದ. ಎರಡು ದೋಣಿಯ ಮೇಲೆ ಕಾಲಿಡುವುದಕ್ಕೆ ಅವನೊಂದು ನೆಪ.

ಲಾಯ್-ಹಾ ತಂದದ್ದು ಎರಡು ಪೆಟ್ಟಿಗೆ ಬಟ್ಟೆ ಮತ್ತು ಒಂದು ಅಕ್ಕಿ ಜಾಡಿ. ಕಂದು ಬಣ್ಣದ ಹೊಳಪು ಲೇಪಿಸಿದ ಮಣ್ಣಿನ ಜಾಡಿ, ಅವಳ ಅತ್ತೆಯ ಕಾಲದ್ದು. ಹೊಟ್ಟೆಯ ಮೇಲೆ "ಸದಾ ತುಂಬಿರಲಿ" ಎಂದು ಬರೆದ ಕೆಂಪು ಕಾಗದ. ನಮ್ಮವರಲ್ಲಿ ಹೊಸ ಮನೆಗೆ ಮನುಷ್ಯರಿಗಿಂತ ಮೊದಲು ಅಕ್ಕಿ ಜಾಡಿ ಹೊಸಿಲು ದಾಟಬೇಕು, ಅದೂ ಹತ್ತರಲ್ಲಿ ಎಂಟು ಪಾಲು ತುಂಬಿರಬೇಕು. ಬರಿದಾದ ಜಾಡಿ ಬರಿದಾದ ಮನೆ. ವಿಮಾನದಲ್ಲಿ ಅದರೊಳಗೆ ಕಾಲುಚೀಲ ತುರುಕಿಕೊಂಡು ಬಂದವಳು ಮ್ಯಾಂಚೆಸ್ಟರಿನಲ್ಲಿ ಮೊದಲ ವಾರವೇ ಮಲ್ಲಿಗೆ ಅಕ್ಕಿ ಕೊಂಡು ತುಂಬಿದಳು. ಕ್ವಾಯ್-ಸಾಂಗ್ ಹಳೆಯ ನೀಲಿ ಕಾರೊಂದನ್ನು ಕೊಂಡ. ಜಾಡಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಬಿಗಿದದ್ದೂ ಅವನೇ.

"ಬಾಡಿಗೆ ಕೋಣೆಗೆ ಇದು ಬರಲ್ಲ. ನಮ್ಮ ಮನೆ ಸಿಗೋತನಕ ಇದು ಕಾರಲ್ಲೇ ಇರತ್ತೆ, ಇದರ ಅಕ್ಕಿ ಯಾರೂ ಮುಟ್ಟಂಗಿಲ್ಲ," ಎಂದಳು ಲಾಯ್-ಹಾ.

"ನನಗಿಂತ ಅದಕ್ಕೇ ಮರ್ಯಾದೆ ಜಾಸ್ತಿ."

"ಅದು ನಿನ್ನ ಹಾಗೆ ಗೊರಕೆ ಹೊಡಿಯಲ್ಲ, ಮುದುಕಪ್ಪಾ."

ಮೊದಲ ತಿಂಗಳೇ ಅವರು ಯಾರ್ಕ್‌ಷೈರಿನ ಸ್ಕಿಪ್ಟನ್ ಎಂಬ ಊರು ತಲುಪಿದರು. ಮುಖ್ಯ ಬೀದಿಯ ಎರಡೂ ಬದಿಗೆ ಟಾರ್ಪಾಲಿನ ಅಂಗಡಿಗಳು, ತರಕಾರಿ, ಗಿಣ್ಣು, ಕಾಲುಚೀಲ, ಮೀನು. ಕಾರು ನಿಲ್ಲುವ ಮೊದಲೇ ಲಾಯ್-ಹಾ ಬಾಗಿಲು ತೆಗೆದಳು. ಮೀನಿನವನ ಮುಂದೆ ನಿಂತು ಒಂದು ಮೀನಿನ ಕಿವಿರನ್ನು ಬೆರಳಿನಿಂದ ಎತ್ತಿ ನೋಡಿ ತಲೆಯಾಡಿಸಿದಳು. ಇನ್ನೊಂದನ್ನು ನೋಡಿದಳು. ಮೂರನೆಯದಕ್ಕೆ ಹೆಬ್ಬೆರಳು ಎತ್ತಿದಳು. ಕೆಂಪು ಗಡ್ಡದ ಆ ಮೀನಿನವನು ಸೊಂಟಕ್ಕೆ ಕೈಯಿಟ್ಟು ನಗುತ್ತಾ, "ಅಮ್ಮಾ, ನಾಳೆಯಿಂದ ಈ ಕಡೆ ಬಂದು ನಿಲ್ಲಿ, ನಾನು ಆ ಕಡೆ ನಿಲ್ತೀನಿ," ಎಂದ. ಅರ್ಥವಾದದ್ದು ಅರ್ಧವೇ ಆದರೂ ಅವಳು ಆ ದಿನವಿಡೀ ಅದನ್ನೇ ಹೇಳಿಕೊಂಡು ತಿರುಗಿದಳು.

ಅದೇ ಮಧ್ಯಾಹ್ನ ಅವರು ಒಂದು ಮನೆ ನೋಡಿದರು. ಸಾಲುಮನೆಗಳ ಕೊನೆಯದು, ಕಲ್ಲಿನದು, ಕೆಳಗೆ ಎರಡು ಕೋಣೆ, ಮೇಲೆ ಎರಡು. ತೋರಿಸಲು ಬಂದ ಮನೆ ದಲ್ಲಾಳಿ ಕಚೇರಿಯ ಹುಡುಗಿ ಕಾರಿನೊಳಗೆ ಬೆಲ್ಟು ಕಟ್ಟಿ ಕೂತಿದ್ದ ಜಾಡಿಯನ್ನು ನೋಡಿ ಥಟ್ಟನೆ ದನಿ ತಗ್ಗಿಸಿದಳು. "ನಿಮಗಾದ ನಷ್ಟಕ್ಕೆ ನನಗೆ ತುಂಬಾ ದುಃಖವಾಗಿದೆ. ಅವರನ್ನೂ ಒಳಗೆ ಕರೆತರಬೇಕಾದರೆ ಸಂಕೋಚ ಬೇಡ," ಎಂದಳು. ಕ್ವಾಯ್-ಸಾಂಗ್ ಸುಮ್ಮನೆ ತಲೆಬಾಗಿದ. ಅವಳು ಜಾಡಿಯನ್ನು ಸತ್ತವರ ಬೂದಿ ಎಂದುಕೊಂಡಿದ್ದಾಳೆಂದು ಲಾಯ್-ಹಾಗೆ ಮುಂಬಾಗಿಲ ಮೆಟ್ಟಿಲು ಹತ್ತುವಾಗ ಹೊಳೆಯಿತು. ಕಂಬಿ ಹಿಡಿದು ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಹುಡುಗಿ ಅದನ್ನು ಅಳುವೆಂದು ತಿಳಿದು ಕಾಗದದ ಕರವಸ್ತ್ರ ಕೊಟ್ಟಳು.

ಅಡಿಗೆಮನೆಯಲ್ಲಿ ಒಲೆಯ ಎಡಕ್ಕೆ ಒಂದು ಮೂಲೆ ಇತ್ತು. ಬಿಸಿಲು ಬೀಳದ, ತೇವ ತಾಗದ, ಜಾಡಿಯ ಅಳತೆ ತೆಗೆದೇ ಬಿಟ್ಟಂಥ ಮೂಲೆ. ಲಾಯ್-ಹಾ ಅಲ್ಲಿ ಕುಕ್ಕರಗಾಲಲ್ಲಿ ಕೂತು ನೆಲವನ್ನು ಅಂಗೈಯಿಂದ ಸವರಿದಳು.

"ಇಲ್ಲೇ," ಎಂದಳು. "ಮುದುಕಪ್ಪಾ, ಇದು ಇಲ್ಲೇ ಕೂರತ್ತೆ."

ಕ್ವಾಯ್-ಸಾಂಗ್ ಅಷ್ಟರಲ್ಲಿ ಮಹಡಿಯ ಪರದೆ ಸರಿಸಿದ್ದ. ಕೆಳಗೆ ಇಗರ್ಜಿಯ ಅಂಗಳ. ಹುಲ್ಲಿನ ನಡುವೆ ಓರೆಯಾಗಿ ನಿಂತ ಕಪ್ಪು ಕಲ್ಲುಗಳು, ಒಂದಲ್ಲ ಎರಡಲ್ಲ, ನೂರಾರು. ಅವನ ಕೈ ಪರದೆಯ ಮೇಲೇ ನಿಂತಿತು.

"ಗೋರಿ," ಎಂದ.

ಲಾಯ್-ಹಾ ಮೇಲೆ ಬಂದು ಪಕ್ಕದಲ್ಲಿ ನಿಂತಳು. ಅವಳೂ ಒಂದು ಹೆಜ್ಜೆ ಹಿಂದೆ ಸರಿದಳು. ನಮ್ಮವರು ಗೋರಿ ಕಾಣುವ ಮನೆಯನ್ನು ಪುಕ್ಕಟೆ ಕೊಟ್ಟರೂ ಹತ್ತಿರ ಸುಳಿಯರು. ಆದರೂ ಅವಳು ಸಾವರಿಸಿಕೊಂಡಳು. "ಒಳ್ಳೆ ನೆರೆಯವರು ಬಿಡು. ರಾತ್ರಿ ಮಾಜಾಂಗ್ ಆಟದ ಕಾಯಿ ಕುಟ್ಟಲ್ಲ, ಮೇಲಿಂದ ನೀರು ಸೋರಿಸಲ್ಲ, ಜಗಳಕ್ಕೆ ಬರಲ್ಲ. ಶಾಮ್ ಶುಯಿ ಪೋದಲ್ಲಿ ಇಂಥ ನೆರೆಯವರು ಸಿಕ್ಕಿದ್ರಾ ನಿಂಗೆ?"

"ತಮಾಷೆ ಬೇಡ. ಸತ್ತವರ ತಣ್ಣನೆ ಗಾಳಿ ನೇರ ಮಂಚಕ್ಕೆ ಹೊಡಿಯತ್ತೆ."

"ಪರದೆ ಹಾಕೋಣ. ಕೆಟ್ಟ ಗಾಳಿ ತಿರುಗಿಸೋ ಕನ್ನಡಿ ತೂಗುಹಾಕೋಣ. ಅದಕ್ಕೆಲ್ಲ ದಾರಿ ಇದೆ."

"ಇದು ಮೊದಲನೇ ಮನೆ ಮುದುಕಿ. ಮೊದಲನೇ ಮೀನನ್ನೇ ಕೊಳ್ತಿದ್ಯಾ ನೀನು?"

ಕಾರಿಗೆ ಹತ್ತುವಾಗ ಲಾಯ್-ಹಾ ಒಮ್ಮೆ ಮನೆಯತ್ತ ತಿರುಗಿ ನೋಡಿದಳು. "ಮೀನಾದ್ರೆ ಮಾರನೇ ದಿನ ಬೇರೆ ಬರತ್ತೆ," ಎಂದಳು, ಅರ್ಧ ತನಗೇ.

ಅಲ್ಲಿಂದ ಶುರುವಾಯಿತು ಸುತ್ತಾಟ. ಊರು ಬಾ ಎಂದರೂ ಕ್ವಾಯ್-ಸಾಂಗನ ಮನಸ್ಸು ಹೋಗು ಎನ್ನುತ್ತಿತ್ತು. ಶ್ರೂಸ್‌ಬರಿಯಲ್ಲಿ ನದಿ ಊರನ್ನು ಹಗ್ಗದ ಹಾಗೆ ಸುತ್ತಿಕೊಂಡಿದೆ, ಪ್ರವಾಹ ಬಂದರೆ ಓಡಲು ದಾರಿಯಿಲ್ಲ ಎಂದ. ಲಿಂಕನ್ನಿನಲ್ಲಿ ಮನೆ ಇಳಿಜಾರಿನ ಮೇಲಿತ್ತು, ಬಂದ ಭಾಗ್ಯ ಉರುಳಿಕೊಂಡು ಹೋಗುತ್ತದೆ ಎಂದ. ವಿಟ್ಬಿಯಲ್ಲಿ ಕಡಲಹಕ್ಕಿ ಲಾಯ್-ಹಾಳ ಕೈಯಿಂದ ಕರಿದ ಮೀನು ಕಿತ್ತುಕೊಂಡು ಹೋಯಿತು. ಅವಳು ಅದಕ್ಕೆ ಶಾಮ್ ಶುಯಿ ಪೋದ ಬೈಗುಳಗಳನ್ನೆಲ್ಲ ಬೈದು ಹಗುರಾದಳು, ಆದರೆ ಅವನು, "ಹಕ್ಕಿಗಳೇ ಬೇಡ ಅಂತಿವೆ," ಎಂದುಬಿಟ್ಟ. ಸ್ಟಾಕ್‌ಪೋರ್ಟಿನಲ್ಲಿ ಬಸ್ಸಿನ ತುಂಬ ನಮ್ಮವರೇ. "ಇಲ್ಲಿರೋದಕ್ಕೆ ಅಲ್ಲಿಂದ ಯಾಕೆ ಹೊರಡಬೇಕಿತ್ತು?" ಎಂದ. ಹೆರಿಫರ್ಡಿನಲ್ಲಿ ನಮ್ಮವರೊಬ್ಬರೂ ಸಿಗಲಿಲ್ಲ. "ಸತ್ತರೆ ಹೊರೋಕೆ ನಾಲ್ಕು ಜನ ಬೇಡವಾ?" ಕುಣಿಯಲಾರದವಳಿಗೆ ನೆಲ ಡೊಂಕು.

ಪ್ರತಿ ಊರಿನಲ್ಲೂ ಲಾಯ್-ಹಾ ಮೊದಮೊದಲು ಅಡಿಗೆಮನೆಗೆ ಹೋಗಿ ಮೂಲೆ ನೋಡುತ್ತಿದ್ದಳು. ವರ್ಷ ಕಳೆಯುವ ಹೊತ್ತಿಗೆ ಬಾಗಿಲಲ್ಲೇ ನಿಲ್ಲತೊಡಗಿದಳು. ಆಮೇಲೆ, "ನೀನೇ ನೋಡ್ಕೊಂಡು ಬಾ," ಎಂದು ಕಾರಲ್ಲೇ ಕೂರುತ್ತಿದ್ದಳು, ಜಾಡಿಯ ಪಕ್ಕ. ಅವನು ವಾಪಸು ಬಂದು ತಲೆಯಾಡಿಸಿದರೆ ಏನೂ ಕೇಳುತ್ತಿರಲಿಲ್ಲ. ಜಾಗಟೆಯಂಥ ಗಂಟಲಿಗೆ ಬಟ್ಟೆ ಸುತ್ತಿದ ಹಾಗಾಗಿತ್ತು. ಅವನಿಗೆ ಅದು ಕೇಳಿಸಲಿಲ್ಲವೆಂದಲ್ಲ. ಚಳಿಗೆ ಹೀಗಾಗಿದೆ, ಬೇಸಿಗೆ ಬಂದರೆ ಸರಿಹೋದೀತು ಎಂದುಕೊಂಡ.

ಒಮ್ಮೆ ಮಾತ್ರ ಅವಳು ಹೇಳಿದಳು. ಡಾರ್ಬಿಯ ಹತ್ತಿರ ಒಂದು ಕಟ್ಟಡದ ಸುತ್ತ ಕಬ್ಬಿಣದ ಕೊಳವೆಯ ಸಾರುವೆ ಬಿಚ್ಚುತ್ತಿದ್ದರು. ಕ್ವಾಯ್-ಸಾಂಗ್ ಕಾರು ನಿಲ್ಲಿಸಿ ಒಂದು ಗಂಟೆ ನೋಡಿದ.

"ಎಷ್ಟು ನಾಜೂಕಾಗಿ ಇಳಿಸ್ತಾರೆ ನೋಡು," ಎಂದ.

"ಇಳಿಸೋದನ್ನ ಕಂಡರೆ ಮುಖ ಅರಳತ್ತೆ ನಿನಗೆ," ಎಂದಳು ಲಾಯ್-ಹಾ. "ನಲವತ್ತು ವರ್ಷ ಎಲ್ಲರ ಮನೆ ಮುಂದೆ ನಿಂತು ನಿಂತು ಒಳಗೆ ಹೋಗೋದು ಹೇಗೆ ಅನ್ನೋದೇ ಮರೆತಿದ್ದೀಯಾ. ನಿನಗೆ ಬೇಕಿರೋದು ದಿನಾ ಬೆಳಗ್ಗೆ ಬಿಚ್ಚೋಕೊಂದು ಸಾರುವೆ. ನನಗೆ ಬೇಕಿರೋದು ಒಂದು ಮೂಲೆ."

"ಸಿಗತ್ತೆ. ಇಲ್ಲದಿದ್ರೆ ತೈವಾನ್ ಇದ್ದೇ ಇದೆ."

"ತೈವಾನಲ್ಲೂ ಜನ ಸಾಯ್ತಾರೆ ಕಣಯ್ಯಾ. ಅಲ್ಲೂ ಗೋರಿ ಇರತ್ತೆ."

ಎರಡನೆಯ ವರ್ಷದ ಎಲೆ ಉದುರುವ ಕಾಲ. ಮತ್ತೆ ಲಿಂಕನ್ನಿಗೇ ಬಂದು ಒಂದು ಬಾಡಿಗೆ ಕೋಣೆಯಲ್ಲಿದ್ದರು. ಸಂಜೆ ಕ್ವಾಯ್-ಸಾಂಗ್ ಮನೆ ನೋಡಿಕೊಂಡು ಬಂದಾಗ ಊಟ ಸಿದ್ಧವಾಗಿತ್ತು. ಹಬೆಯಲ್ಲಿ ಬೆಂದ ಮೀನು, ಮೇಲೆ ಶುಂಠಿ, ಈರುಳ್ಳಿಯ ಹಸಿರು, ಬಿಸಿ ಅನ್ನ. ಅವನು ಬಟ್ಟಲನ್ನು ಬಾಯಿಗೆ ಹಿಡಿದು ಎರಡು ತುತ್ತು ತಳ್ಳಿದ.

"ಈ ಅಕ್ಕಿ ಚೆನ್ನಾಗಿದೆ. ಹಳೇ ಅಕ್ಕಿ ಅನ್ಸತ್ತೆ, ಉದುರುದುರು. ಎಲ್ಲಿ ತಂದೆ?"

ಅವಳು ಮೀನಿನ ಕೆನ್ನೆಯ ತುಂಡನ್ನು ಬಿಡಿಸಿ ಅವನ ಬಟ್ಟಲಿಗೆ ಹಾಕಿದಳು. "ಕಾರಿಂದ," ಎಂದಳು.

ಅವನ ಊಟದ ಕಡ್ಡಿಗಳು ನಿಂತವು. ಬಾಗಿಲ ಹಿಂದೆ ಜಾಡಿ ಇತ್ತು. ಕೆಂಪು ಕಾಗದವನ್ನು ನೀರು ಸವರಿ ನೀಟಾಗಿ ಕಿತ್ತಿದ್ದಳು, ಗೀರು ಕೂಡ ಉಳಿದಿರಲಿಲ್ಲ.

"ಅದನ್ನ ಮುಟ್ಟಬಾರದು ಅಂದಿದ್ದವಳು ನೀನೇ."

"ಹುಳ ಬೀಳ್ತಿತ್ತು. ಎಷ್ಟು ದಿನ ಅಂತ ಕಾಯತ್ತೆ ಅಕ್ಕಿ? ಅದೂ ತಿನ್ನೋ ಪದಾರ್ಥ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. "ನಮ್ಮಕ್ಕನಿಗೆ ಮಂಡಿ ಆಪರೇಷನ್ ಅಂತೆ. ಹಾಂಗ್ ಕಾಂಗಲ್ಲಿ, ಟುನ್ ಮುನ್‌ನಲ್ಲಿ ಒಬ್ಬಳೇ. ನಾನು ಹೋಗ್ತೀನಿ."

"ಎಷ್ಟು ದಿನಕ್ಕೆ?"

"ಅನ್ನ ಆರ್ತಿದೆ, ತಿನ್ನು."

ಅವನು ತಿಂದ. ಒಂದು ಅಗುಳೂ ಬಿಡದೆ ತಿಂದ. ಬಟ್ಟಲಲ್ಲಿ ಅಗುಳು ಬಿಟ್ಟರೆ ಮುಖದ ಮೇಲೆ ಕಲೆಯಿರುವ ಹೆಂಡತಿ ಸಿಗುತ್ತಾಳೆ ಎಂದು ನಮ್ಮ ಅಜ್ಜಿಯರು ಹೆದರಿಸುತ್ತಿದ್ದರು. ಇದ್ದ ಹೆಂಡತಿಯನ್ನು ಉಳಿಸಿಕೊಳ್ಳಲು ಎಷ್ಟು ಅಗುಳು ತಿನ್ನಬೇಕೆಂದು ಯಾವ ಅಜ್ಜಿಯೂ ಹೇಳಿರಲಿಲ್ಲ.

ಮ್ಯಾಂಚೆಸ್ಟರಿನ ವಿಮಾನ ನಿಲ್ದಾಣದಲ್ಲಿ ಅವಳು ಪೆಟ್ಟಿಗೆ ತಳ್ಳಿಕೊಂಡು ಹೋಗುವಾಗ ಅವನು, "ಜಾಡಿ?" ಎಂದ. "ನಿನ್ನಮ್ಮನದ್ದು. ನಿನ್ನ ಹತ್ರಾನೇ ಇರ್ಲಿ," ಎಂದಳು. ಆಮೇಲೆ ಹಿಂದಿರುಗಿ ಬಂದು ಅವನ ಕೋಟಿನ ಕುತ್ತಿಗೆಯ ಗುಂಡಿ ಹಾಕಿದಳು. "ಮಫ್ಲರ್ ಹಾಕ್ಕೊ. ಈ ದೇಶದ ಗಾಳಿ ಕಿವಿ ಒಳಗೆ ನುಗ್ಗತ್ತೆ." ನಿಲ್ಲು ಎನ್ನಲು ಅವನ ಬಾಯಿ ತೆರೆದದ್ದು ನಿಜ. ಎಲ್ಲಿ ನಿಲ್ಲು ಎನ್ನುವುದು? ತೋರಿಸಲು ಅವನ ಬಳಿ ಜಾಗವಿರಲಿಲ್ಲ.

ಮೂರು ದಿನ ಅವನು ಜಾಡಿಯನ್ನು ಮತ್ತೆ ಕೂರಿಸಿದ್ದ ಕಾರಿನ ಹಿಂದಿನ ಸೀಟನ್ನು ನೋಡಲಿಲ್ಲ. ನಾಲ್ಕನೆಯ ದಿನ ಬೆಳಗ್ಗೆ ಎದ್ದು, ಮುಖ ತೊಳೆದು, ನೇರ ಸ್ಕಿಪ್ಟನ್ನಿಗೆ ಹೊರಟ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಮನೆಯನ್ನು ಕಟ್ಟುತ್ತಾ ಹೋದ. ಪರದೆ ದಪ್ಪದ್ದು ಹಾಕೋಣ, ಕನ್ನಡಿ ತೂಗುಹಾಕೋಣ, ಮಂಚವನ್ನು ಆಚೆ ಕೋಣೆಗೆ ಹಾಕೋಣ. ಎಲ್ಲಕ್ಕೂ ದಾರಿಯಿತ್ತು. ಅವಳು ಅಂದೇ ಹೇಳಿದ್ದ ದಾರಿಗಳೇ.

ಸಾಲಿನ ಕೊನೆಯ ಮನೆಯ ಬಾಗಿಲಿಗೆ ಕೆಂಪು ಕಾಗದ ಅಂಟಿಸಿತ್ತು. ಅದರ ಮೇಲೆ ನಮ್ಮ ಚೀನೀ ಅಕ್ಷರ. "ಬಂದು ಹೋಗುವವರಿಗೆ ಕ್ಷೇಮ." ಅವನು ಅಲ್ಲೇ ನಿಂತುಬಿಟ್ಟ. ಒಳಗಿನಿಂದ ಮೂವತ್ತೈದರ ಹೆಂಗಸೊಬ್ಬಳು ಬಾಗಿಲು ತೆರೆದಳು. ಅವನ ಮುಖ ನೋಡಿದ್ದೇ ನಮ್ಮ ಕ್ಯಾಂಟನೀಸ್ ಭಾಷೆಯಲ್ಲೇ ಕೇಳಿದಳು, "ಚಿಕ್ಕಪ್ಪಾ, ಯಾರನ್ನ ಹುಡುಕ್ತಿದ್ದೀರಿ? ಒಳಗೆ ಬನ್ನಿ, ಮಳೆ ಬರ್ತಿದೆ."

ಅವಳ ಹೆಸರು ಫಾನ್ ವಿಂಗ್-ಯಾನ್. ಗಂಡ ಲೀಡ್ಸಿನ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದ. ಅವಳು ಚಹಾ ಬಸಿದಳು, ಬಿಸ್ಕತ್ತಿನ ಡಬ್ಬ ತೆರೆದಳು, ಚಿಕ್ಕಪ್ಪ ಎಲ್ಲಿಯವರು, ಯಾವ ಬೀದಿ ಎಂದೆಲ್ಲ ಕೇಳಿದಳು. ಕ್ವಾಯ್-ಸಾಂಗನ ಕಣ್ಣು ಅಡಿಗೆಮನೆಯತ್ತಲೇ ಇತ್ತು. ಒಲೆಯ ಎಡಮೂಲೆಯಲ್ಲಿ ಗುಂಡಿ ಒತ್ತಿದರೆ ಒಂದು ಅಳತೆ ಅಕ್ಕಿ ಸುರಿಯುವ ಬಿಳಿ ಪ್ಲಾಸ್ಟಿಕ್ ಪೆಟ್ಟಿಗೆ ಕೂತಿತ್ತು. ಅದರ ಹೊಟ್ಟೆಯ ಮೇಲೂ ಅದೇ ಕೆಂಪು ಕಾಗದ. "ಸದಾ ತುಂಬಿರಲಿ."

"ನಿಮಗೆ... ಮೇಲಿನ ಕಿಟಕಿಯಿಂದ ಕಾಣೋದು..." ಎಂದು ಅವನು ತಡವರಿಸಿದ.

"ಗೋರಿನಾ? ಮೊದಲ ವಾರ ನಿದ್ದೇನೇ ಬರ್ಲಿಲ್ಲ ಚಿಕ್ಕಪ್ಪಾ!" ವಿಂಗ್-ಯಾನ್ ನಕ್ಕಳು. "ಆಮೇಲೆ ಚಿಂಗ್ ಮಿಂಗ್ ಹಬ್ಬ ಬಂತು. ಅಲ್ಲಿ ನಮ್ಮಜ್ಜನ ಗೋರಿ ಗುಡಿಸೋರು ಯಾರೂ ಇಲ್ಲ ಅಂತ ಅಳು ಬಂತು. ನಮ್ಮನೆಯವರು ಹೇಳಿದ್ರು, ಇಲ್ಲಿರೋರೂ ಯಾರದ್ದೋ ಅಜ್ಜಂದಿರೇ ಅಲ್ವಾ ಅಂತ. ಇಗರ್ಜಿಯವರನ್ನ ಕೇಳಿ ಐದಾರು ಹಳೇ ಕಲ್ಲಿನ ಸುತ್ತ ಹುಲ್ಲು ಕಿತ್ತು, ಕಿತ್ತಳೆ ಇಟ್ಟು ಬಂದ್ವಿ. ಇನ್ನು ಪ್ರತಿ ವರ್ಷ ಹೋಗ್ತೀವಿ. ಪಾದ್ರಿ ಕೂಡ ಒಂದು ಕಿತ್ತಳೆ ತಿಂದ್ರು."

ಕ್ವಾಯ್-ಸಾಂಗ್ ಚಹಾದ ಬಟ್ಟಲನ್ನು ತಿರುಗಿಸುತ್ತಾ ಕೂತ. ಏನಾದರೂ ಹೇಳಬೇಕಿತ್ತು. "ಒಳ್ಳೆ ನೆರೆಯವರು," ಎಂದ. "ರಾತ್ರಿ ಮಾಜಾಂಗ್ ಕಾಯಿ ಕುಟ್ಟಲ್ಲ. ಮೇಲಿಂದ ನೀರು ಸೋರಿಸಲ್ಲ."

ವಿಂಗ್-ಯಾನ್ ಬಿದ್ದು ಬಿದ್ದು ನಕ್ಕಳು. "ಚಿಕ್ಕಪ್ಪಾ, ಭಾರಿ ತಮಾಷೆ ಮನುಷ್ಯರು ನೀವು! ಚಿಕ್ಕಮ್ಮ ಎಲ್ಲಿ? ಒಂದಿನ ಕರ್ಕೊಂಡು ಬನ್ನಿ, ಊಟ ಮಾಡೋಣ."

"ಕರ್ಕೊಂಡು ಬರ್ತೀನಿ," ಎಂದ ಕ್ವಾಯ್-ಸಾಂಗ್. ಹೆಂಡತಿಯ ಮಾತನ್ನು ಕದ್ದು ತನ್ನದೆಂದು ಹೇಳಿಕೊಂಡವನು ಕೈಯಲ್ಲಿದ್ದ ಬಿಸ್ಕತ್ತನ್ನು ಡಬ್ಬದ ಪಕ್ಕಕ್ಕೆ ಇಟ್ಟ.

ಆ ದಿನ ಅವನು ಊರು ಬಿಡಲಿಲ್ಲ. ಎರಡು ಬೀದಿ ಆಚೆ, ಚಪ್ಪಲಿ ರಿಪೇರಿ ಅಂಗಡಿಯ ಮೇಲೊಂದು ಕೋಣೆ ಬಾಡಿಗೆಗಿತ್ತು. ಕಿಟಕಿಯಲ್ಲಿ ಗೋರಿಗಳು ಕಾಣುತ್ತವೆಯೇ ಎಂದು ಅವನೇ ಕೇಳಿದ. ಮೂಲೆಯ ಎರಡು ಮೂರು ಕಲ್ಲು ಕಾಣುತ್ತವೆ, ಕ್ಷಮಿಸಿ ಎಂದ ಅಂಗಡಿಯವನು. ಕ್ವಾಯ್-ಸಾಂಗ್ ಅಲ್ಲೇ ಸಹಿ ಹಾಕಿದ. ಬಾಡಿಗೆ ಕೋಣೆಗೆ ಜಾಡಿ ಬಾರದು ಎಂದಿದ್ದಳು ಲಾಯ್-ಹಾ. ಆದರೂ ಅವನು ಹೊಸ ಅಕ್ಕಿ ತಂದು ಎಂಟು ಪಾಲು ತುಂಬಿದ. ಎರಡೂ ಕೈಯಲ್ಲಿ ಎತ್ತಿಕೊಂಡು ಕಿರುಮೆಟ್ಟಿಲು ಹತ್ತಿ, ಜಾಡಿಯನ್ನು ಹೊಸಿಲಾಚೆ ಇಟ್ಟು, ಆಮೇಲೆ ತಾನು ಒಳಗೆ ಕಾಲಿಟ್ಟ.

ಲಾಯ್-ಹಾಗೆ ಫೋನು ಮಾಡಿದ. ಹಿಂದೆ ಟಿ.ವಿ.ಯ ಸದ್ದು, ಅಕ್ಕನ ಕೆಮ್ಮು ಕೇಳುತ್ತಿತ್ತು.

"ಸ್ಕಿಪ್ಟನ್‌ನಲ್ಲಿದ್ದೀನಿ," ಎಂದ. "ಕೋಣೆ ಹಿಡಿದಿದ್ದೀನಿ."

"ಆ ಮನೆ?"

"ಹೋಯ್ತು. ನಮ್ಮವರೇ ಇದ್ದಾರೆ. ಒಳ್ಳೆ ಹುಡುಗಿ. ಮೂಲೇಲಿ ಅಕ್ಕಿ ಇಟ್ಟಿದ್ದಾಳೆ."

ಆ ಕಡೆ ಟಿ.ವಿ.ಯ ಸದ್ದು ತಗ್ಗಿತು.

"ಮೀನಿನವನು ಇದ್ದಾನಾ?" ಎಂದಳು.

"ಇದ್ದಾನೆ. ನಿನ್ನ ಕೇಳಿದ. ಕಿವಿರು ಎತ್ತೋ ಅಮ್ಮ ಎಲ್ಲಿ ಅಂದ."

ಅದು ಸುಳ್ಳು. ಮೀನಿನವನು ಅವನ ಗುರುತನ್ನೇ ಹಿಡಿದಿರಲಿಲ್ಲ. ಲಾಯ್-ಹಾಗೂ ಅದು ಸುಳ್ಳೆಂದು ತಿಳಿದಿರಬೇಕು, ಬೈಯಲಿಲ್ಲ. "ಅಕ್ಕ ನಡೆಯೋ ಹಾಗಾಗ್ಲಿ," ಎಂದಷ್ಟೇ ಹೇಳಿ ಫೋನಿಟ್ಟಳು. ಅಕ್ಕನಿಗೆ ಎಪ್ಪತ್ತೊಂದು ವರ್ಷ.

ಅವನು ಜಾಡಿಯ ಚಿತ್ರ ತೆಗೆದು ಕಳಿಸಿದ. ಕಿಟಕಿಯ ಕೆಳಗೆ, ಬಿಸಿಲಿನಲ್ಲಿ, ತಾನೇ ಬರೆದ ಸೊಟ್ಟ ಅಕ್ಷರದ ಕೆಂಪು ಕಾಗದದ ಜೊತೆ. ಮಾರನೆಯ ದಿನ ಫೋನಿನಲ್ಲಿ ಅವಳ ದನಿ ಬಂತು, ಜಾಗಟೆಯ ಹಳೆಯ ದನಿ. "ಏ ಮುದುಕಪ್ಪಾ, ಬಿಸಿಲಲ್ಲಿ ಯಾರಾದ್ರೂ ಅಕ್ಕಿ ಇಡ್ತಾರಾ? ಹುಳ ಬೀಳತ್ತೆ. ಒಲೆ ಹತ್ರ, ಎಡಕ್ಕೆ. ಎಷ್ಟು ಸಲ ಹೇಳಿದ್ದೆ?"

ಒಂದೇ ಸಲ ಹೇಳಿದ್ದಳು. ಅವನು ಜಾಡಿಯನ್ನು ಒಲೆಯ ಎಡಕ್ಕೆ ಎಳೆದ. ಮೂಲೆ ಕಿರಿದು, ಜಾಡಿ ಅರ್ಧ ಹೊರಗೇ ನಿಂತಿತು. ಮಗುಚದಿರಲಿ ಎಂದು ಪಟ್ಟಿಯೊಂದನ್ನು ತಂದು ಒಲೆಯ ಕಾಲಿಗೆ ಸೇರಿಸಿ ಐದಾರು ಸುತ್ತು ಬಿಗಿದ, ಹುರಿಮಾಡಿದ, ತುದಿಯನ್ನು ಒಳಗೆ ಸಿಕ್ಕಿಸಿದ. ಬಿಚ್ಚಲು ಬಾರದ ಗಂಟು ಹಾಕೋಣವೆಂದು ಕೈಗೆ ಎರಡು ಸಲ ಹೇಳಿ ನೋಡಿದ. ನಲವತ್ತೊಂದು ವರ್ಷದಲ್ಲಿ ಕೈ ಅದನ್ನು ಕಲಿತಿರಲಿಲ್ಲ.